ಕ್ಲಚ್ ಪಳಗುವ ತನಕ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಗ್ಯಾರೇಜಿಗೆ ಬರುವವರಿಗೆಲ್ಲ ಇದು ಗೊತ್ತು; ಕೆಲಸ ಅಚ್ಚುಕಟ್ಟು ಎಂದು ಸಹಿಸಿಕೊಳ್ಳುತ್ತಾರೆ. ಆದರೆ ಅಣ್ಣ ನನ್ನ ಬೈಗುಳವನ್ನೂ ನಂಬುತ್ತಿದ್ದ.

ಅವನು ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು. ಹೇಳಿದ್ದು ಹೇಳಿದ ಹಾಗೆ, ಹಾಕಿದ ಗೆರೆ ದಾಟುವವನಲ್ಲ. ನಿವೃತ್ತನಾದ ಮೇಲೆ ಕಾರು ಕಲಿತ. ಕಲಿಸಿದ ಪುಣ್ಯಾತ್ಮ ಯಾರೋ, ಎಡಗಾಲನ್ನು ಸದಾ ಕ್ಲಚ್ ಮೇಲೆಯೇ ಇಟ್ಟುಕೊಂಡಿರುವುದನ್ನೂ ಕಲಿಸಿದ್ದ. ಎರಡೇ ವರ್ಷಕ್ಕೆ ಕ್ಲಚ್ ಸುಟ್ಟಿತು. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಕ್ಲಚ್ ಒತ್ತಿ ಹಿಡಿಯುವ ಎಂಜಿನ್ನಿನ ಚಕ್ರ, ಫ್ಲೈವೀಲೂ ಕಾದು ನೀಲಿಗಟ್ಟಿ ಬಿರುಕು ಬಿಟ್ಟಿತ್ತು. ಎರಡನ್ನೂ ಹೊಸದಾಗಿ ಹಾಕಿದೆ.

ಹೊಸ ಕ್ಲಚ್ಚೂ ಹೊಸ ಫ್ಲೈವೀಲೂ ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳಬೇಕು. ನಾವು ಇದಕ್ಕೆ ಪಳಗುವುದು ಅನ್ನುತ್ತೇವೆ. ಎಂಟುನೂರು ಕಿಲೋಮೀಟರ್ ಊರೊಳಗೆ ಮೆತ್ತಗೆ ಓಡಿಸಬೇಕು, ಹೊರಡುವಾಗ ಎಂಜಿನ್ ಅಬ್ಬರಿಸಬಾರದು. ಇಷ್ಟು ಹೇಳಿ ಕೀಲಿ ಕೊಟ್ಟಿದ್ದರೆ ಸಾಕಿತ್ತು.

"ನಿಂಗೆ ಕಾರು ಬೇರೆ ಕೇಡು!" ಎಂದು ನಾಲ್ಕು ಜನರೆದುರು ಕೂಗಾಡಿದೆ. "ಎಂಟ್ನೂರು ಆಗೋ ತನಕ ಮೂವತ್ತರ ಮೇಲೆ ಹೋದ್ರೆ ಈ ಕಡೆ ತಲೆ ಹಾಕ್ಬೇಡ. ಮನೆಗೆ ಬೆಂಕಿ ಬಿದ್ರೂ ಮೂವತ್ತೇ!"

ಮೂವತ್ತು ಅನ್ನುವುದು ಕಸುಬಿನ ಮಾತಲ್ಲ, ಸಿಟ್ಟಿನ ಮಾತು. ಗೇರಿಗೆ ಬಿದ್ದು ಗಾಡಿ ಓಡತೊಡಗಿದ ಮೇಲೆ ಕ್ಲಚ್ ಉಜ್ಜುವುದೇ ಇಲ್ಲ, ಮೂವತ್ತಾದರೇನು, ಎಂಬತ್ತಾದರೇನು. ಅಣ್ಣ ತಲೆತಗ್ಗಿಸಿ ಕೇಳಿಸಿಕೊಂಡ. ಅವನ ಜೊತೆ ಬಂದಿದ್ದ ಅತ್ತಿಗೆ ನಕ್ಕು, "ಆಗ್ಲಿ ಮೈದುನರಾಯ್ರೇ, ನಾನು ಪಕ್ಕದಲ್ಲೇ ಕೂತು ಕಾವಲು ಕಾಯ್ತೀನಿ" ಅಂದರು.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತಿಗೆಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆ ಮನೆಯಿಂದ ಹನ್ನೆರಡು ಕಿಲೋಮೀಟರ್. ಅಣ್ಣನೇ ಕಾರಿನಲ್ಲಿ ಕರೆದುಕೊಂಡು ಹೋದ. ತಲುಪುವಷ್ಟರಲ್ಲಿ ಜೀವ ಹೋಗಿತ್ತು. ನನಗೆ ಆಗ ತಿಳಿದದ್ದು ಇಷ್ಟೇ. ಅತ್ತಿಗೆಯಿಲ್ಲದ ಆ ಮನೆಯಲ್ಲಿ ಕೂತು ಮಗುವಿನ ಹಾಗೆ ಅತ್ತೆ.

ಮೂರು ವಾರ ಕಳೆದು ಅಣ್ಣ ಗ್ಯಾರೇಜಿಗೆ ಬಂದ. ಗಡ್ಡ ಬಿಟ್ಟಿದ್ದ, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಸ್ಟೂಲು ಎಳೆದು ಕೂರಿಸಿದೆ.

"ಒಂದು ಕೇಳ್ಬೇಕಿತ್ತು ಕಣೋ," ಅಂದ. "ಅವತ್ತು ಭಾನುವಾರ. ರಸ್ತೇಲಿ ಒಂದು ನರಪಿಳ್ಳೆ ಇರ್ಲಿಲ್ಲ. ನಾನು ಮೂವತ್ತರಲ್ಲೇ ಹೋದೆ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

"ಒಂದ್ಸಲ ನಲವತ್ತು ದಾಟ್ತು. ಇವಳೇ ಮೀಟರ್ ನೋಡಿ, 'ರೀ, ನಿಧಾನ, ಮೈದುನ ಬೈತಾನೆ' ಅಂದ್ಲು. ಬೆವರ್ತಾ ಇದ್ಲು, ಆದ್ರೂ ಅಂದ್ಲು. ನಾನು ಮತ್ತೆ ಇಳಿಸ್ದೆ." ಅವನು ತನ್ನ ಮೊಣಕಾಲುಗಳನ್ನೇ ನೋಡುತ್ತಿದ್ದ. "ಹತ್ತು ನಿಮಿಷ ಮುಂಚೆ ಬಂದಿದ್ರೆ ನೋಡಬಹುದಿತ್ತು ಅಂದ್ರು ಡಾಕ್ಟ್ರು. ಜೋರಾಗಿ ಹೋಗಿದ್ರೆ ಕ್ಲಚ್ ಸುಟ್ಟು ನಡುದಾರೀಲೇ ನಿಲ್ತಿತ್ತು, ಅಲ್ವೇನೋ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವನು ನಾನು, ಕಳೆದುಕೊಂಡವನು ಅಣ್ಣ. ನಿಜ ಹೇಳಿದರೆ ಹೆಂಡತಿಯನ್ನು ತನ್ನ ಕೈಯಾರೆ ಕೊಂದೆ ಎಂದು ಅವನು ಉಳಿದ ಆಯುಷ್ಯವೆಲ್ಲ ಕೊರಗುತ್ತಾನೆ. ನನ್ನನ್ನು ಬೈಯುವವನೂ ಅಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಳ್ಳು ಹೇಳಿದರೆ ಅವನ ಜೊತೆ ನಾನೂ ಪಾರಾಗುತ್ತೇನೆ. ಅದೇ ನನಗೆ ಹೇಸಿಗೆಯಾಯಿತು.

"ನಿಲ್ತಿತ್ತಣ್ಣ," ಅಂದೆ. "ಅರ್ಧ ದಾರೀಲೇ ನಿಲ್ತಿತ್ತು. ನೀನು ಮಾಡಿದ್ದೇ ಸರಿ."

ಅವನು ಉಸಿರು ಬಿಟ್ಟ. ಅತ್ತಿಗೆ ಸತ್ತ ದಿನವೂ ಅಳದವನು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಗ್ರೀಸ್ ಮೆತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.

"ನೀನು ಹೇಳಿದ್ದಕ್ಕೆ ಸರಿಹೋಯ್ತು ಕಣೋ. ಇಲ್ದಿದ್ರೆ ಅವಳು ಬೀದೀಲಿ ಹೋಗ್ಬಿಡ್ತಿದ್ಲು."

ಅಂದಿನಿಂದ ಅಣ್ಣ ಊಟ ಮಾಡುತ್ತಾನಂತೆ, ನಿದ್ದೆಯೂ ಬರುತ್ತದಂತೆ. ಅವನ ಮಗಳು ಫೋನ್ ಮಾಡಿ, "ಏನು ಹೇಳಿದ್ರಿ ಚಿಕ್ಕಪ್ಪಾ?" ಎಂದು ಕೇಳಿದಳು. ಏನೂ ಇಲ್ಲಮ್ಮ ಅಂದೆ. ತಪ್ಪಾಯ್ತು ಎಂದು ಅವನ ಕಾಲು ಹಿಡಿಯಬೇಕು ಅನಿಸುತ್ತದೆ. ಹಿಡಿದರೆ ಯಾಕೆಂದು ಕೇಳುತ್ತಾನೆ.