ಯಜಮಾನರ ಮಗಳಿಗೂ ಸ್ಕಾಲರ್‌ಶಿಪ್

ಮಾದನಾಯಕನಹಳ್ಳಿಯ ಹನುಮಂತರಾಯಪ್ಪನವರ ಹೊಲ ಹೋಗಿ ಎಷ್ಟೋ ವರ್ಷವಾಯಿತು, ಯಜಮಾನಿಕೆ ಮಾತ್ರ ಹೋಗಿಲ್ಲ. ಸ್ವಲ್ಪ ರೋಡಿಗೆ ಹೋಯಿತು, ಉಳಿದ ಜಾಗದಲ್ಲಿ ಈಗ ಗೋಡೌನ್ ಇದೆ, ಅದರ ಗೇಟಿನಲ್ಲಿ ಅವರೇ ಸೆಕ್ಯೂರಿಟಿ. ಮನೆಯ ಪಕ್ಕ ಎರಡು ಶೀಟಿನ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಊರವರು ಇಂದಿಗೂ ಅವರನ್ನು ಯಜಮಾನ್ರೇ ಎಂದೇ ಕರೆಯುತ್ತಾರೆ.

ಮಗಳು ಕೃಪಾ ಪಿಯುಸಿ ಪಾಸಾದಳು. ಆ ಮನೆಯಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಬಿಎಸ್ಸಿ ಸೀಟೇನೋ ಸಿಕ್ಕಿತು. ಫೀಸು, ಪುಸ್ತಕದ ಖರ್ಚು ಕೇಳಿಯೇ ಅಪ್ಪ ಸುಸ್ತಾದರು.

"ಗೋಡೌನ್‌ನಾಗೆ ಪ್ಯಾಕಿಂಗ್ ಕೆಲ್ಸ ಐತೆ, ಸೇರ್ಕೋ ಮಗಾ" ಎಂದರು.

ಕೃಪಾ ಅವತ್ತು ಊಟ ಮಾಡಲಿಲ್ಲ. ವಿಷಯ ತಿಳಿದು ಪಕ್ಕದ ಮನೆಯ ವನಜಾ ಬಂದರು. ಅವರ ಮಗ ಸ್ಕಾಲರ್‌ಶಿಪ್‌ನಲ್ಲೇ ಓದಿದವನು.

"ಅಣ್ಣ, ಅರ್ಜಿ ಹಾಕ್ಸಿ. ನಾಡಕಚೇರೀಲಿ ಜಾತಿ, ಆದಾಯದ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ."

"ಬಾಡಿಗೆ ಇಸ್ಕೊಳೋ ನಾನು ಬಡವ ಅಂತ ಬರೆಸ್ಕೋಬೇಕಾ? ನಾಳೆ ಗಂಡಿನ ಕಡೆಯೋರು ಏನಂತಾರೆ?"

"ಬಡವ ಅಂತ ಬರೆಸ್ಬೇಡಿ. ಸಂಬಳ, ಬಾಡಿಗೆ ಎಲ್ಲಾ ಇದ್ದಂಗೇ ಹೇಳಿ. ಮಿತಿಯೊಳಗಿದ್ರೆ ಸಿಗುತ್ತೆ. ರೋಡಿಗೆ ಜಾಗ ಹೋದಾಗ ಪರಿಹಾರ ತಗೊಂಡ್ರಲ್ಲ, ಆವಾಗ ನಾಚ್ಕೆ ಆಯ್ತಾ?"

ಮರುದಿನ ಹನುಮಂತರಾಯಪ್ಪ ಮುಖಕ್ಕೆ ಟವೆಲ್ ಸುತ್ತಿಕೊಂಡು ನಾಡಕಚೇರಿಯ ಸಾಲಿನಲ್ಲಿ ನಿಂತರು. ಮುಂದಿದ್ದವನೂ ಮಾಸ್ಕ್ ಹಾಕಿ, ಕಣ್ಣಿನ ತನಕ ಟೋಪಿ ಎಳೆದುಕೊಂಡಿದ್ದ. ಕೆಮ್ಮಿದಾಗ ಗುರುತು ಸಿಕ್ಕಿತು. ಮೇಲಿನ ಬೀದಿಯ ಯಜಮಾನ ಚಿನ್ನಪ್ಪ!

"ನೀನೇನಯ್ಯಾ ಇಲ್ಲಿ?"

"ನಮ್ ಚಿಕ್ಕೋಳು ವೇಣಿ ಕಾಲೇಜಿಗೆ ಕಣಯ್ಯಾ. ಯಾರ್ಗೂ ಯೋಳ್ಬ್ಯಾಡ." ಚಿನ್ನಪ್ಪನ ದನಿ ಇಳಿಯಿತು. "ದೊಡ್ಡೋಳಿಗೆ ಇಂಗೇ ನಾಚ್ಕಂಡು ಓದು ಬಿಡಿಸ್ಬಿಟ್ಟೆ. ಈಗ್ಲೂ ನನ್ನತ್ರ ಸರ್ಯಾಗಿ ಮಾತಾಡಲ್ಲ."

ಹನುಮಂತರಾಯಪ್ಪನವರಿಗೆ ಊಟ ಬಿಟ್ಟು ಮಲಗಿದ್ದ ಕೃಪಾ ನೆನಪಾದಳು. ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಟೋಪಿ ತೆಗಿಯೋ ಚಿನ್ನಪ್ಪ, ಸೆಕೆ ಆಗ್ತಿಲ್ವಾ?" ಎಂದರು.

ಇಬ್ಬರ ಮಕ್ಕಳಿಗೂ ಸ್ಕಾಲರ್‌ಶಿಪ್ ಸಿಕ್ಕಿತು. ಈಗ ಕೃಪಾ, ವೇಣಿ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾರೆ.

ನಿಮ್ಮ ಮನೆಯಿಂದಲೂ ಮೊದಲ ಸಲ ಒಬ್ಬರು ಕಾಲೇಜಿಗೆ ಹೊರಟಿದ್ದಾರೆಯೇ? ಯಾವ ವಿದ್ಯಾರ್ಥಿವೇತನ ಸಿಗಬಹುದೆಂದು ಕಾಲೇಜಿನಲ್ಲೇ ವಿಚಾರಿಸಿ. ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ವಿದ್ಯಾರ್ಥಿಯ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ, ಕೊನೆಯ ದಿನದವರೆಗೆ ಕಾಯದೆ ಅರ್ಜಿ ಹಾಕಿ. ಮಕ್ಕಳ ಓದಿಗಾಗಿ ಸಾಲಿನಲ್ಲಿ ನಿಲ್ಲುವವರು ಮುಖ ಮುಚ್ಚಿಕೊಳ್ಳಬೇಕಾಗಿಲ್ಲ.