ಕಳಿಸಿಕೊಡುವ ಪೆಟ್ಟು

ನನ್ನ ತಮ್ಮ ಗುರುನಾಥನ ಮೇಲೆ ಇದುವರೆಗೆ ಎರಡು ಪೊಲೀಸ್ ದೂರು, ಒಂದು ವಕೀಲರ ನೋಟಿಸು ಮತ್ತು ಲೆಕ್ಕವಿಲ್ಲದಷ್ಟು ಬೈಗುಳ ಬಂದಿವೆ. ಅವನು ರ‍್ಯಾಪರ್. 'ಸೀಮಿ ಗುರ್‍ಯಾ', ಅಂದರೆ ಗಡಿಯ ಗುರ್‍ಯಾ, ಎಂದು ಹೆಸರಿಟ್ಟುಕೊಂಡಿದ್ದಾನೆ. ಬರೆಯುವವನೂ ಅವನೇ, ಬೀಟ್ ಕಟ್ಟುವವನೂ ಅವನೇ, ಹಾಡುವವನೂ ಅವನೇ. ಮೇಲೆ ಕಂಪನಿಯಿಲ್ಲ, ಮಾಲೀಕನಿಲ್ಲ. ಕನ್ನಡ-ಮರಾಠಿ ಗಡಿಯ ಉಮರ್ಗಾದಲ್ಲಿ ಪಂಕ್ಚರ್ ಅಂಗಡಿಗೆ ಅಂಟಿಕೊಂಡ ಒಂದು ಖೋಲಿಯೇ ಅವನ ಸ್ಟುಡಿಯೋ. ಹೊರಗಿನ ಲಾರಿ ಹಾರ್ನು ಒಳಗೆ ಬರಬಾರದೆಂದು ಗೋಡೆಗೆಲ್ಲ ಕಂಬಳಿ ಹೊಡೆದಿದ್ದಾನೆ. ನಮ್ಮದು ಕುರಿ ಸಾಕುವ ಮನೆತನ, ಕಂಬಳಿಗೇನೂ ಕೊರತೆಯಿಲ್ಲ.

ಅದೇ ಓಣಿಯಲ್ಲಿ ನನ್ನ ಝೆರಾಕ್ಸ್ ಅಂಗಡಿ. ನನ್ನ ಅಂಗಡಿಯ ನೆಟ್ ಚೆನ್ನಾಗಿರುವುದರಿಂದ ಅವನ ಹಾಡು ಲೋಕಕ್ಕೆ ಹೋಗುವುದು ಇಲ್ಲಿಂದಲೇ. ಹಾಗಾಗಿ ಬೈಯುವವರು ಕೂಡ ಮೊದಲು ನನ್ನ ಬಳಿಗೇ ಬರುತ್ತಾರೆ. "ಶೀತಲ, ನಿಮ್ಮ ತಮ್ಮಗ ಸಮಜಾಯಿಸಿ ಹೇಳ್ರಿ" ಅನ್ನುತ್ತಾರೆ. ನಾನೂ ಬಂದವರಿಗೆ ಚಹಾ ಕುಡಿಸಿ, ಅವರ ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿಕೊಟ್ಟು ಕಳಿಸುತ್ತೇನೆ.

ಉದಗೀರದ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಹಾಸ್ಟೆಲಿನ ನೀರು ಸಾರಿನ ಮೇಲೆ ಹಾಡಿದನೆಂದು ನಡುವೆಯೇ ಮೈಕ್ ಬಂದ್ ಮಾಡಿದರು. ಇವನು ಮೈಕಿಲ್ಲದೆ ಮುಂದುವರಿಸಿದ, ಹುಡುಗರು ಬೆಂಚು ಬಡಿದು ತಾಳ ಕೊಟ್ಟರು. ನಿಲಂಗಾದಲ್ಲಿ ಕೋಚಿಂಗ್ ಕ್ಲಾಸ್ ನಡೆಸುವವನೊಬ್ಬ ತನ್ನ ಮೇಲೆಯೇ ಹಾಡು ಕಟ್ಟಿದ್ದಾನೆಂದು ನೋಟಿಸು ಕಳಿಸಿದ. ಹೆಸರು ಹೇಳದಿದ್ದರೂ ಅವನೇ ಬಂದು ಒಪ್ಪಿಕೊಂಡಂತಾಯಿತು. ಭಾಷೆಯ ಜಗಳವಂತೂ ನಿತ್ಯದ್ದು. ಲಾತೂರಿನವರು ಕನ್ನಡ ಯಾಕೆ ತುರುಕುತ್ತೀ ಅಂದರು, ಬೆಂಗಳೂರಿನವರು ಇದು ಕನ್ನಡವೇ ಅಲ್ಲ ಅಂದರು. ಇಬ್ಬರಿಗೂ ಸೇರಿಸಿ ಅವನು ಕೊಟ್ಟ ಉತ್ತರ ಇದು:

"ಇತ್ಲಾಗ ಬೋರ್ಡ್ ಮರಾಠಿ, ಅತ್ಲಾಗ ಬೋರ್ಡ್ ಕನ್ನಡ,
ನನ್ನ ಕುರಿಗಿ ಓದ್ಲಾಕ ಬರಲ್ಲ, ಎರಡೂ ಕಡಿ ಹುಲ್ಲು ಹಸರ."

ಪುಣೆಯ ಕಂಪನಿಯೊಂದು ಕರೆದಿತ್ತು. ಕನ್ನಡ ಬಿಟ್ಟರೆ ಒಪ್ಪಂದ ಎಂದರು. ಬಿಡಲಿಲ್ಲ. ಆ ದಿನ ನಾನು ಅವನನ್ನು ಮನಸಾರೆ ಬೈದೆ, ಮನೆಗೆ ಹೋಗಿ ಹೆಮ್ಮೆಯಿಂದ ಅತ್ತೆ.

ಆದರೆ ಈ ಜಗಳಗಳೆಲ್ಲ ಹೊರಗಿನವು. ನಾಲ್ಕು ತಿಂಗಳ ಹಿಂದೆ ಆದದ್ದು ಮನೆಯೊಳಗಿನದು.

ನಮ್ಮ ಅಪ್ಪ ಧೂಳಪ್ಪ ಮುರುಮದ ಹತ್ತಿರದ ನಮ್ಮ ಹಳ್ಳಿಯ ಬೀರಪ್ಪನ ಗುಡಿಯಲ್ಲಿ ಹಿರಿಯ ಡೊಳ್ಳಿನವ. ಅಮಾವಾಸ್ಯೆಯ ಪೂಜೆಗೆ ಅಲ್ಲಿ ಎರಡು ಪೆಟ್ಟುಗಳಿವೆ. ಮೊದಲನೆಯದು ಕರೆಯುವ ಪೆಟ್ಟು. ಅದು ಬಿದ್ದಾಗ ಬೀರಪ್ಪ ನಮ್ಮ ಸೋದರತ್ತೆ ಗೌರಾಬಾಯಿಯ, ನಮ್ಮ ಬಾಯಲ್ಲಿ ಗೌರಾತ್ಯಾಳ, ಮೈಮೇಲೆ ಬರುತ್ತಾನೆ. ಹಣೆಗೆ ಭಂಡಾರದ ಅರಿಶಿನ ಹಚ್ಚಿಸಿಕೊಂಡು, ಜನ ಕೇಳಿದ್ದಕ್ಕೆ ಉತ್ತರ ಹೇಳಿದ ಮೇಲೆ ಎರಡನೆಯದು, ಕಳಿಸಿಕೊಡುವ ಪೆಟ್ಟು. ಅದನ್ನು ಬಾರಿಸುವ ಹಕ್ಕು ಹಿರಿಯ ಡೊಳ್ಳಿನವನೊಬ್ಬನಿಗೇ. ನಲವತ್ತು ವರ್ಷದಿಂದ ಕರೆದವನೂ ಅಪ್ಪ, ಕಳಿಸಿದವನೂ ಅಪ್ಪ.

ಗುರುನಾಥ ಒಂದು ಅಮಾವಾಸ್ಯೆ ಯಾರಿಗೂ ಹೇಳದೆ ಕರೆಯುವ ಪೆಟ್ಟನ್ನು ಫೋನಿನಲ್ಲಿ ಹಿಡಿದುಕೊಂಡ. ಎಂಟು ಸೆಕೆಂಡಿನ ತುಂಡು. ಅದನ್ನೇ ಮತ್ತೆ ಮತ್ತೆ ತಿರುಗಿಸಿ, ಕೆಳಗೆ ಬೇಸ್ ಹಾಕಿ, ಮೇಲೆ ತನ್ನ ಮಾತು ಹೊಲಿದು 'ಬಾ ಅಂದ್ರ ಬಾ' ಅಂತ ಹಾಡು ಮಾಡಿದ. ಕಳಿಸುವ ಪೆಟ್ಟು ಬೀಳುವ ಹೊತ್ತಿಗೆ ಮಹಾರಾಯ ಹುಗ್ಗಿಯ ಸಾಲಿನಲ್ಲಿ ನಿಂತಿದ್ದನಂತೆ. ಇಂಥ ತಪ್ಪು ನಮ್ಮ ಮನೆಯವನೇ ಮಾಡಬೇಕು. ಬೇರೆಯವರಿಗೆ ಆ ಪೆಟ್ಟು ಸಿಗುವುದೂ ಇಲ್ಲ.

ಹಾಡು ಬೆಂಕಿಯಂತೆ ಹಬ್ಬಿತು. ಉಮರ್ಗಾದಿಂದ ದೇವಣಿಯ ತನಕ ಮದುವೆ ಮೆರವಣಿಗೆಗಳಲ್ಲಿ ಅದೇ. ನಮ್ಮ ನಂಟರ ಮದುವೆ ತುರೋರಿಯಲ್ಲಿತ್ತು. ಹೆದ್ದಾರಿಯ ಬದಿಯಲ್ಲಿ, ಮಟಮಟ ಮಧ್ಯಾಹ್ನ, ನಮ್ಮ ಪರಿಚಯದ ಶೈಲೇಶನ ಡಿಜೆ ಗಾಡಿಯಿಂದ ಆ ಹಾಡು ಹೊರಟಿತು. ಹೆಂಗಸರ ನಡುವೆ ಆರತಿ ತಟ್ಟೆ ಹಿಡಿದು ನಿಂತಿದ್ದ ಗೌರಾತ್ಯಾಳ ಮೈ ನಡುಗಿತು. ತಟ್ಟೆ ಬಿತ್ತು. ಹಾಡು ಮಾತ್ರ ನಿಲ್ಲಲಿಲ್ಲ, ಕರೆಯುತ್ತಲೇ ಇತ್ತು. ಮುದುಕಿ ಕುಣಿಯುತ್ತಿದ್ದಾಳೆಂದು ತಿಳಿದು ಶೈಲೇಶ ಧ್ವನಿ ಇನ್ನಷ್ಟು ಏರಿಸಿದ. ಅಪ್ಪ ಎಂಜಲು ಕೈಯಲ್ಲೇ ಊಟದಿಂದ ಎದ್ದು ಓಡಿಬಂದು ಜನರೇಟರಿನ ವೈರ್ ಕಿತ್ತ. ಅಷ್ಟರಲ್ಲಿ ಅತ್ಯಾ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು.

ಗುಡಿಯ ಹಿರಿಯ ಸಿದ್ಧಾರೂಢ ಮಾಮಾ ದೈವದವರನ್ನು, ಅಂದರೆ ಊರ ಪಂಚರನ್ನು, ಕೂಡಿಸಿದ. ಅವನು ಕೆಟ್ಟವನಲ್ಲ, ಆದರೆ ಮಾತು ಎಣಿಸಿ ಆಡುವ ಮನುಷ್ಯ.

"ಆ ಹಾಡು ಊರೂರಿಂದ ಹೋಗೋತನಾ ಧೂಳಪ್ಪ ಡೊಳ್ಳು ಮುಟ್ಟಬಾರ್ದು," ಅಂದ. "ಮಗ ಕದ್ದಾನ. ಅಪ್ಪನ ಮನಿಯಾಗಿಂದೇ ಕದ್ದಾನ."

ಅಪ್ಪ ಡೊಳ್ಳನ್ನು ಹಣೆಗೆ ಒತ್ತಿಕೊಂಡು, ಗುಡಿಯ ಗೂಟಕ್ಕೆ ತೂಗುಹಾಕಿ ಮನೆಗೆ ಬಂದ. ಅಂದಿನಿಂದ ಗುರುನಾಥನ ಜೊತೆ ಮಾತು ಬಿಟ್ಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವ್ವ ರೊಟ್ಟಿ ಬಡಿಯುವಾಗ ಅಪ್ಪನ ಬೆರಳು ತಾವೇ ಮೊಣಕಾಲಿನ ಮೇಲೆ ಆಡುತ್ತಿದ್ದವು. ಎಚ್ಚರಾದ ಕೂಡಲೇ ಕೈ ಮಡಚಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದ. 

ಗುರುನಾಥ ಅವತ್ತೇ ಹಾಡು ಅಳಿಸಿದ. ಏನು ಪ್ರಯೋಜನ? ಅದು ಆಗಲೇ ನೂರಾರು ಡಿಜೆಗಳ ಪೆನ್ ಡ್ರೈವ್ ಸೇರಿತ್ತು. ಇವನು ಊರೂರು ಸುತ್ತಿ ಕೈಮುಗಿದ. ಶೈಲೇಶ ಒಳ್ಳೆಯವನು, ಎದುರಿಗೇ ಅಳಿಸಿದ. ಆದರೆ ಖರೆ ಮಾತನ್ನೂ ಹೇಳಿದ:

"ಗುರ್‍ಯಾ, ಉಳಿದಾವ್ರು ನಿನ್ನ ಮಾರಿ ನೋಡಿ ಅಳಸಲ್ಲ ಬಾಬಾ. ಇದಕ್ಕಿಂತ ಚಲೋ ಹಾಡು ಬಂದ್ರ ಇದು ತಾನೇ ಹೋಗ್ತದ."

ಹಾಗಾದರೆ ಅದೇ ಹಾಡನ್ನು ಮತ್ತೆ ಮಾಡಬೇಕು, ಈ ಸಲ ಕಳಿಸುವ ಪೆಟ್ಟಿನೊಂದಿಗೆ ಪೂರ್ತಿ ಮಾಡಬೇಕು ಎಂದು ಗುರುನಾಥ ನಿಶ್ಚಯಿಸಿದ. ಆದರೆ ಆ ಪೆಟ್ಟು ಗೊತ್ತಿರುವುದು ಅಪ್ಪನಿಗೆ. ಅಪ್ಪ ಡೊಳ್ಳು ಮುಟ್ಟುವಂತಿಲ್ಲ. ಹಳೆಯ ಹಾಡು ಹೋಗುವ ತನಕ ಅಪ್ಪ ಬಾರಿಸುವಂತಿಲ್ಲ, ಅಪ್ಪ ಬಾರಿಸುವ ತನಕ ಹಳೆಯ ಹಾಡು ಹೋಗುವಂತಿಲ್ಲ. ಡೊಳ್ಳಿನ ಮೇಳದ ಉಳಿದವರನ್ನು ಕೇಳಿದರೆ ಸಿದ್ಧಾರೂಢ ಮಾಮಾನ ಹೆಸರು ಹೇಳಿ ಜಾರಿಕೊಂಡರು. ಎರಡು ತಿಂಗಳು ತಮ್ಮ ಆ ಖೋಲಿಯಲ್ಲಿ ಸುಮ್ಮನೆ ಕೂತ. ರ‍್ಯಾಪ್ ಬಿಟ್ಟು ಲಾರಿ ಓಡಿಸುತ್ತೇನೆ ಅಂದ. ಅವನಿಗೆ ಸ್ಕೂಟಿ ಸಹ ನೆಟ್ಟಗೆ ಓಡಿಸಲು ಬರುವುದಿಲ್ಲ.

ಒಂದು ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಗೌರಾತ್ಯಾ ನಿಂತಿದ್ದಳು. ಕೈಗೆ ಪ್ಲಾಸ್ಟರ್, ಬಾಯಲ್ಲಿ ತಂಬಾಕು. ಅರ್ಧ ಟಿಕೀಟಿನಲ್ಲಿ ಎಸ್‌ಟಿ ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು.

"ಎಲ್ಲಿದ್ದಾನ ನಮ್ಮ ಕಳ್ಳ?"

ಖೋಲಿಗೆ ಕರೆದುಕೊಂಡು ಹೋದೆ. ಗುರುನಾಥ ಅವಳನ್ನು ಕಂಡು ಎದ್ದು ಕಾಲಿಗೆ ಬಿದ್ದ. ಅವಳು ಅವನ ತಲೆಗೆ ಒಂದು ಕೊಟ್ಟು, ಕಂಬಳಿಯ ಮೇಲೆ ಕೂತಳು.

"ಹಾಡು ಚಲೋ ಅದ, ಇಲ್ಲ ಅಂತ ನಾ ಅನ್ನಲ್ಲ. ಖರೆ ನೀ ಮಾಡಿದ್ದೇನು? ಮನಿಗಿ ಕರದಿ. ಕೂಡ್ ಅನ್ಲಿಲ್ಲ, ನೀರು ಕೊಡ್ಲಿಲ್ಲ, ಹೋಗಿ ಬಾ ಅನ್ಲಿಲ್ಲ. ಬಾ ಬಾ ಅಂತ ಬಾಗಲಾಗೇ ನಿಂತಿ. ದೇವ್ರೇನು, ಬೀಗರು ಬಂದ್ರೂ ಸಿಟ್ಟಾಗ್ತಾರ."

"ಕಳಿಸೋ ಪೆಟ್ಟು ನನಗ ಬರಲ್ಲ ಅತ್ಯಾ. ಅಪ್ಪಗ ಕೇಳ್ಲಾಕ ಬಾಯಿಲ್ಲ."

"ಅಂವಾ ಬಾರಸ್ತಾನ. ತಗೊಳ್ಳಾಕಿ ಯಾರು? ನಲವತ್ತು ವರ್ಷ ಅದನ್ನ ಮೈಯಾಗ ತಗೊಂಡೀನಿ. ನಿನ್ನ ಮಷಿನ್ ಹಚ್ಚು."

ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ, ಎಪ್ಪತ್ತು ದಾಟಿದ ನಮ್ಮ ಅತ್ಯಾ ಮೈಕಿನ ಮುಂದೆ ಬಾಯಲ್ಲೇ ಡೊಳ್ಳು ಬಾರಿಸಿದಳು. ಧಿಂ, ತಕ ಧಿಂ, ಝೇಂ. ನನಗೆ ನಗು ಬಂತು, ಆಮೇಲೆ ಮೈ ಜುಮ್ಮೆಂದಿತು. ಗುರುನಾಥ ಅದನ್ನು ತುಂಡು ಮಾಡಿ, ಧ್ವನಿಯನ್ನು ಕೆಳಗಿಳಿಸಿ, ಕಂಪ್ಯೂಟರಿನಲ್ಲಿ ತಾಳ ಅಳೆಯುವ ಗೆರೆಗಳಿಗೆ ಸರಿಯಾಗಿ ಕೂಡಿಸಿ ಕೇಳಿಸಿದ. ಅತ್ಯಾ ತಲೆಯಾಡಿಸಿದಳು.

"ಇದು ಓಡಿಸಿದಂಗ ಆಗ್ಲತ್ತದ. ಕಳಿಸಿದಂಗ ಇಲ್ಲ."

ಕಳಿಸುವ ಪೆಟ್ಟು ಪ್ರತಿ ಸುತ್ತಿಗೂ ಒಂದಿಷ್ಟು ನಿಧಾನವಾಗಬೇಕು. ಎಷ್ಟು ಎಂಬುದಕ್ಕೆ ಅಳತೆಯಿಲ್ಲ, ಅತ್ಯಾಳ ಉಸಿರೇ ಅಳತೆ. ಗುರುನಾಥ ಜೀವಮಾನದಲ್ಲಿ ಮೊದಲ ಸಲ ಆ ಗೆರೆಗಳನ್ನು ಬಂದ್ ಮಾಡಿದ. ಒಂದೊಂದು ಪೆಟ್ಟನ್ನೂ ಕಿವಿಯಿಂದ ಕೇಳಿ ಕೈಯಿಂದ ಇಟ್ಟ. ಒಂಬತ್ತು ದಿನ ಅವಳು ಬಂದಳು, ಒಂಬತ್ತು ದಿನ ಕೆಲಸವಾಯಿತು. ಹಾಡಿನ ಮೇಲೆ ತನ್ನ ಹೆಸರು ಅವನ ಹೆಸರಿಗಿಂತ ಮೊದಲು ಬರಬೇಕೆಂದಳು. ಬಂತು.

ಶೈಲೇಶ ಕೇಳಿ ಮುಖ ಹುಳ್ಳಗೆ ಮಾಡಿದ. ಕುಣಿಯುವ ಹಾಡು ಕಡೆಗೆ ನಿಧಾನವಾಗಿ ನಿಂತೇ ಬಿಟ್ಟರೆ ಯಾರು ಹಾಕುತ್ತಾರೆ ಅಂದ. ಆದರೂ ನಮ್ಮ ಮೇಲಿನ ಮುಲಾಜಿಗೆ ಮುರುಮದ ಒಂದು ಮೆರವಣಿಗೆಯಲ್ಲಿ ಹಾಕಿದ. ಸಂಜೆ ಅವನೇ ಫೋನು ಮಾಡಿದ, ನಗು ತಡೆಯಲಾಗದೆ. ಹಾಡು ನಿಂತಾಗ ಹುಡುಗರೂ ನಿಂತರಂತೆ, ನೀರು ಕುಡಿದರಂತೆ, ತಾವಾಗಿಯೇ ಮಂಟಪದ ಕಡೆಗೆ ನಡೆದರಂತೆ. ನಮ್ಮ ಕಡೆ ಮೆರವಣಿಗೆ ಹೊರಟರೆ ಅಕ್ಷತೆಯ ಹೊತ್ತು ತಪ್ಪುವುದೇ ರೂಢಿ. ಆ ದಿನ ಹೆಣ್ಣಿನ ಅಪ್ಪ ಹೊತ್ತಿಗೆ ಸರಿಯಾಗಿ ಬೀಗರನ್ನು ಕಂಡು ಗಾಬರಿಯಾದನಂತೆ. ಒಂದು ತಿಂಗಳಲ್ಲಿ ಮದುವೆ ಮನೆಯವರೇ ಡಿಜೆಗಳಿಗೆ ಹೇಳತೊಡಗಿದರು: ಆ ಮುಗಿಯೋ ಹಾಡು ಹಾಕ್ರಿ, ಮುಗಿಲಾರದ್ದು ಬ್ಯಾಡ. ಹಳೆಯದನ್ನು ಒಬ್ಬೊಬ್ಬರೇ ಅಳಿಸಿದರು.

ಸಿದ್ಧಾರೂಢ ಮಾಮಾ ಮಾತ್ರ ಈ ಹಾಡು ದೇವರನ್ನು ಕಳಿಸಿಕೊಡುತ್ತದೆಂದು ನಂಬಲಿಲ್ಲ. ಅವನ ಮೊಮ್ಮಗಳ ಮದುವೆ ಬಂದಾಗ ನನ್ನ ಅಂಗಡಿಗೆ ಪತ್ರಿಕೆ ತಂದುಕೊಟ್ಟು, "ನಿನ್ನ ತಮ್ಮನ ಹಾಡು ನಮ್ಮ ಅಂಗಳದಾಗ ಹಾಕಸ್ತೀನಿ. ಗೌರಕ್ಕ ಇರ್ತಾಳ, ದೈವ ಇರ್ತದ. ಆಕಿಗಿ ಏನರೆ ಆದ್ರ ಅವನ ಆಟಾ ಅಲ್ಲಿಗೇ ಖತಂ, ಧೂಳಪ್ಪನ ಡೊಳ್ಳೂ ಖತಂ," ಅಂದ.  ಬರಬೇಡವೆಂದು ನಾನು ಅತ್ಯಾಳಿಗೆ ಹೇಳಿಕಳಿಸಿದರೆ ಅವಳು ಹೊಸ ಸೀರೆ ಉಟ್ಟೇ ಬಂದಳು.

ಹಾಡು ಶುರುವಾಯಿತು. ಕರೆಯುವ ಪೆಟ್ಟಿಗೆ ಅತ್ಯಾಳ ಮೈ ನಡುಗಿತು. ಯಾರೂ ಕುಣಿಯಲಿಲ್ಲ, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಡಿಜೆ ಗಾಡಿಯ ಪಕ್ಕದಲ್ಲಿ ಗುರುನಾಥ ಕಣ್ಣು ಮುಚ್ಚಿ ನಿಂತಿದ್ದ. ಅಪ್ಪ ಜನರ ಹಿಂದೆ ನಿಂತಿದ್ದ, ಕೈ ಬಗಲಲ್ಲಿ. ನಡುಕ ಏರಿತು, ಅವಳ ಕೂದಲು ಬಿಚ್ಚಿಕೊಂಡಿತು.  ಆಗ ಕಳಿಸುವ ಪೆಟ್ಟು ಬಂತು. ಒಂದು ಸುತ್ತು, ಎರಡು ಸುತ್ತು, ಪ್ರತಿ ಸುತ್ತಿಗೂ ನಿಧಾನ. ಅವಳ ಹೆಗಲು ಇಳಿಯಿತು. ಕಡೆಯ ಪೆಟ್ಟಿಗೆ ಅವಳು ಮೆಲ್ಲಗೆ ನೆಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ನೀರು ಕೇಳಿದಳು.

 ಮೊದಲು ಮಾತಾಡಿದವನು ಅಪ್ಪ.

"ಮೂರನೇ ಸುತ್ತಿನಾಗ ಒಂದು ಪೆಟ್ಟು ಕಮ್ಮಿ ಅದ."

ಸಿದ್ಧಾರೂಢ ಮಾಮಾ ತಿರುಗಿ ನೋಡಿದ. 

"ಹಂಗಾದ್ರ ಬಾರಿಸಿ ತೋರಸಪ್ಪಾ," ಅಂದ. "ಡೊಳ್ಳು ಗುಡಿಯಾಗ ಅದ. ತಗೋ ಹೋಗು."

ಅಪ್ಪ ಹೋಗಲಿಲ್ಲ. ಜನರನ್ನು ಸರಿಸಿಕೊಂಡು ನೇರ ಡಿಜೆ ಗಾಡಿಯ ಹತ್ತಿರ ಬಂದ. ಗುರುನಾಥನ ಎದುರು ನಿಂತು, ನಾಲ್ಕು ತಿಂಗಳ ಮೇಲೆ ಮೊದಲ ಮಾತು ಕೇಳಿದ:

"ನಿನ್ನ ಖೋಲಿ ನಾಳಿ ಎಷ್ಟಕ್ಕ ತೆರಿತಿ?"

"ಆರಕ್ಕ ಅಪ್ಪಾ," ಅಂದ ಗುರುನಾಥ, ಹತ್ತಕ್ಕಿಂತ ಮೊದಲು ಎದ್ದು ಗೊತ್ತಿಲ್ಲದ ನನ್ನ ತಮ್ಮ. ಅಳುತ್ತಿದ್ದ.

ಮರುದಿನ ಐದೂವರೆಗೆ ನಾನು ಹೋದಾಗ ಅವನು ಖೋಲಿಯ ಕಸ ಹೊಡೆಯುತ್ತಿದ್ದ. ಅಪ್ಪ ಆಗಲೇ ಬಂದು ಹೊಸ್ತಿಲ ಮೇಲೆ ಕೂತಿದ್ದ, ತೊಡೆಯ ಮೇಲೆ ಗುಡಿಯಿಂದ ತಂದ ಡೊಳ್ಳು ಇಟ್ಟುಕೊಂಡು.