ಡಬ್ಬಿ ಒಂದು ಕಂಪನಿ, ಮುಚ್ಚಳ ಒಂದು ಕಂಪನಿ

ಊಟದ ಡಬ್ಬಿ ಮಾಡುವ ಆ ಶೆಡ್ಡಿನ ನಟ್ಟನಡುವೆ ಒಂದು ಇಟ್ಟಿಗೆ ಗೋಡೆ. ಗೋಡೆಯ ಈಚೆ ಡಬ್ಬಿ, ಆಚೆ ಮುಚ್ಚಳ. ಈಚೆ ಒಂದು ಕಂಪನಿ, ಆಚೆ ಇನ್ನೊಂದು. ಧಣಿ ಮಾತ್ರ ಒಬ್ಬರೇ. ಐವತ್ತು ಜನರೊಳಗಿನ ಕಾರ್ಖಾನೆಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಶೆಡ್ಡಿನಲ್ಲಿ ದುಡಿಯುತ್ತಿದ್ದವರು ಎಂಬತ್ತೆರಡು ಜನ. ಅದಕ್ಕೇ ಗೋಡೆ.

ಗುಬ್ಬಿಗೆ ಎರಡೂ ಕಡೆ ಕೆಲಸ. ದನಿ ಸಣ್ಣದೆಂದು ಎಲ್ಲರೂ ಇಟ್ಟ ಹೆಸರದು. ಡಬ್ಬಿ ಹೊತ್ತುಕೊಂಡು ಗೋಡೆಯ ಬಾಗಿಲು ದಾಟಿ, ಆಚೆ ಮುಚ್ಚಳ ಕೂಡಿಸಿ ನೋಡಬೇಕು. ಸಡಿಲವಾದರೆ ವಾಪಸ್ಸು. ಬಾಗಿಲಿಗೆ ಗೇಣೆತ್ತರದ ಹೊಸ್ತಿಲು. ಐದು ವರ್ಷದಲ್ಲಿ ಎಷ್ಟು ಸಲ ದಾಟಿದ್ದಳೋ, ಈಗ ಕಾಲು ತಾನಾಗಿಯೇ ಮೇಲೇಳುತ್ತಿತ್ತು.

ಐದು ವರ್ಷ ತುಂಬಿದವರು ಕಾಯಂ ಆಗಬೇಕು. ಅವಳಿಗೆ ಹೋದ ತಿಂಗಳೇ ತುಂಬಿತ್ತು. ಆದರೆ ಅವಳ ಬಳಿ ಇದ್ದದ್ದು ಕೆಲಸದ ಎರಡು ಕಾರ್ಡು: ಎರಡೂವರೆ ವರ್ಷ ಡಬ್ಬಿ ಕಂಪನಿ, ಆಮೇಲಿನ ಎರಡೂವರೆ ಮುಚ್ಚಳದ ಕಂಪನಿ.

"ಕೂಡಿಸಿದ್ರೆ ಐದು ಆಗಲ್ವಾ ಅತ್ತಿಗೆ?" ಎಂದಳು. ಅಣ್ಣನ ಹೆಂಡತಿ ಮುಚ್ಚಳ ಒತ್ತುವ ಪ್ರೆಸ್ಸಿನಲ್ಲಿದ್ದಳು.

"ಸ್ಕೂಲಲ್ಲಿ ಆಗುತ್ತೆ ಕಣೇ, ಇಲ್ಲಿ ಕೇಳ್ಬೇಕು. ಹೋಗಿ ಕೇಳು. ನಿನ್ನ ಬಾಯಿಗೂ ಮುಚ್ಚಳ ಕೂಡಿಸಿದ್ದಾರಾ?"

ಗುಬ್ಬಿ ಎರಡೂ ಕಾರ್ಡು ಹಿಡಿದು ಶೆಡ್ಡಿನ ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ನಾಳೆ ಸರ್ಕಾರದವರು ತಪಾಸಣೆಗೆ ಬರ್ತಾರೆ," ಎಂದ ಮೇಸ್ತ್ರಿ. "ನೀನು ಡಬ್ಬಿ ಕಡೆಯವಳು, ಅಷ್ಟೇ. ಬಾಗಿಲು ಇರೋದೇ ನಿಂಗೆ ಗೊತ್ತಿಲ್ಲ. ಇದೊಂದು ಮುಗೀಲಿ, ಎರಡೂ ಸೇರಿಸಿ ಕಾಯಂ ಮಾಡಿಸ್ತೀನಿ."

"ಈಗಿನ ಕಾರ್ಡು ಮುಚ್ಚಳದ್ದಲ್ವಾ ಮೇಸ್ತ್ರೀ?"

"ಹಾಗಾದ್ರೆ ಮುಚ್ಚಳದವಳು. ತಲೆ ತಿನ್ಬೇಡ, ಹೋಗು."

ಮಾರನೆಯ ದಿನ ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಬೀರು ಬಂದು ನಿಂತಿತು. ಹನ್ನೊಂದಕ್ಕೆ ಅಧಿಕಾರಿ ಬಂದರು. ನರೆಗೂದಲಿನ ಹೆಂಗಸು, ಕಂಕುಳಲ್ಲಿ ಫೈಲು. ಮುಚ್ಚಳದ ರಾಶಿಯ ಪಕ್ಕ ನಿಂತಿದ್ದ ಗುಬ್ಬಿಯನ್ನೇ ಕೇಳಿದರು.

"ಇದು ಡಬ್ಬಿಗೆ ಸರಿಯಾಗಿ ಕೂರುತ್ತೆ ಅಂತ ಹೇಗೆ ನೋಡ್ತೀರಮ್ಮಾ?"

ಗುಬ್ಬಿಗೆ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಸುಲಭ. ಮುಚ್ಚಳ ಹಿಡಿದು ತಿರುಗಿದಳು, ನಡೆದಳು, ಬೀರುವಿನ ಮುಂದೆ ಕಾಲೆತ್ತಿದಳು. ಹಾಗೇ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತುಬಿಟ್ಟಳು. ಪ್ರೆಸ್ಸಿನ ಹತ್ತಿರ ಯಾರೋ ಕಿಸಕ್ಕೆಂದರು.

ಅಧಿಕಾರಿ ನೆಲ ನೋಡಿದರು. ಸಿಮೆಂಟಿನ ಮೇಲೆ ನಡೆದೂ ನಡೆದೂ ನುಣುಪಾದ ದಾರಿಯೊಂದು ಬೀರುವಿನ ಅಡಿಗೆ ಹೋಗಿತ್ತು.

"ಎಷ್ಟು ವರ್ಷದಿಂದ ಓಡಾಡ್ತಿದ್ದೀರಿ?"

"ಐದು."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಅಧಿಕಾರಿ ಬರೆದುಕೊಂಡು, ಕೆಳಗೆ ಅವಳ ಸಹಿ ಹಾಕಿಸಿಕೊಂಡರು. ತಾನು ಹೇಳಿಬಿಟ್ಟದ್ದೋ, ಕಾಲು ಹೇಳಿದ್ದೋ, ಗುಬ್ಬಿಗೆ ತಿಳಿಯಲಿಲ್ಲ.

ರಿಯಾಯಿತಿ ಹೋಯಿತು. ಇನ್ನು ಗೋಡೆ ಯಾಕೆಂದು ಧಣಿ ಒಡೆಸಿದರು. ಯಾರ ಕೆಲಸವೂ ಹೋಗಲಿಲ್ಲ. ಹೊರಗೆ ಮೂರನೆಯದೊಂದು ಹೆಸರಿನ ಬೋರ್ಡು ಬಂತು, ಸೋಮವಾರ ಎಲ್ಲರಿಗೂ ಹೊಸ ಕಾರ್ಡು. ಗುಬ್ಬಿ ತನ್ನದನ್ನು ಎರಡು ಸಲ ಓದಿದಳು. ಕೆಲಸಕ್ಕೆ ಸೇರಿದ ದಿನ: ಅದೇ ಸೋಮವಾರ.

"ಮೇಸ್ತ್ರೀ, ನನ್ನ ಐದು ವರ್ಷ?"

"ಆ ಕಂಪನಿಗಳೇ ಇಲ್ವಲ್ಲಮ್ಮಾ. ಇದು ಹೊಸದು."

"ಧಣಿ ಹೊಸಬರಾ?"

"ಅಲ್ಲ."

"ಮೆಷೀನು?"

"ಅದೂ ಹಳೇದೇ." ಮೇಸ್ತ್ರಿ ತಲೆ ಕೆರೆದುಕೊಂಡ. ಅವನ ಕೈಯಲ್ಲೂ ಅದೇ ತಾರೀಖಿನ ಕಾರ್ಡಿತ್ತು. "ನಾವು ಹೊಸಬರು ಅನ್ಸುತ್ತೆ."

"ನಾಳೆ ರಜೆ ಬೇಕು. ಆ ಮೇಡಂ ಐದು ಅಂತ ಬರ್ಕೊಂಡಿದ್ದಾರೆ. ಅವರ ಆಫೀಸಿಗೆ ಹೋಗಿ ಕೇಳ್ತೀನಿ."

"ಹೊಸಬರಿಗೆ ಮೂರು ತಿಂಗಳು ರಜೆ ಇಲ್ಲ."

"ಹೊಸಬಳು ಪಾಪ, ದಾರಿ ತಪ್ಪಿಸ್ಕೋತಾಳೆ," ಎಂದು ಪ್ರೆಸ್ಸಿನ ಕಡೆಯಿಂದ ಅತ್ತಿಗೆ ಕೂಗಿದಳು. "ನಾನೂ ಜೊತೆಗೆ ಹೋಗ್ತೀನಿ!"

ಮೇಸ್ತ್ರಿ ತನ್ನ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಮೆಷೀನಿನ ಕಡೆ ತಿರುಗಿದ. ಹೋಗುವುದು ಸರಿಯೋ ತಪ್ಪೋ ಗುಬ್ಬಿಗೆ ಗೊತ್ತಾಗಲಿಲ್ಲ. ಮೂರೂ ಕಾರ್ಡುಗಳನ್ನು ಜೋಪಾನವಾಗಿ ಹಿಡಿದು ಅತ್ತಿಗೆಯ ಕಡೆ ನಡೆದಳು. ಗೋಡೆ ಇದ್ದ ಜಾಗ ಬಂದಾಗ ಅವಳ ಕಾಲು, ಇಲ್ಲದ ಹೊಸ್ತಿಲಿಗೆ, ಗೇಣುದ್ದ ಮೇಲೆದ್ದಿತು.